ಎಲಿಯಾಕಿಮನ ಸಹಿ ಪುಸ್ತಕ

ತೀರ್ಪು ಬಂದ ದಿನ ನಾನು ಮೊದಲು ಮಾಡಿದ ಕೆಲಸ ಚಪ್ಪಲಿ ಕಳಚಿದ್ದು. ಕೋರ್ಟಿನ ಮೆಟ್ಟಿಲ ಮೇಲೆ ಕೂತು, ಚಪ್ಪಲಿ ಪಕ್ಕಕ್ಕಿಟ್ಟು, ಎರಡೂ ಕಾಲು ಚಾಚಿದೆ. ಬಾಗಿಲು ಕಾಯುವ ಪೊಲೀಸಿನವನು ಬಂದು, "ಅಮ್ಮ, ಇಲ್ಲಿ ಕೂತ್ಕೋಬಾರ್ದು" ಅಂದ. "ಐದು ತಿಂಗಳಿಂದ ನಿಂತಿದ್ದೀನಪ್ಪ, ಐದು ನಿಮಿಷ ಕೂತ್ಕೋತೀನಿ" ಅಂದೆ. ಪಾಪ, ಒಳ್ಳೆಯ ಹುಡುಗ, ಕಂಡರೂ ಕಾಣದವನಂತೆ ಆಚೆ ತಿರುಗಿದ. ಎದೆಯ ಮೇಲಿಂದ ಯಾರೋ ಬೀಸುವ ಕಲ್ಲು ಎತ್ತಿ ಕೆಳಗಿಟ್ಟ ಹಾಗಿತ್ತು ನನಗೆ. ಸುಳ್ಳು ಯಾಕೆ ಹೇಳಲಿ, ಗಂಡ ಸತ್ತ ಮೇಲೆ ನಾನು ಸರಿಯಾಗಿ ಉಸಿರು ಬಿಟ್ಟದ್ದು ಅವತ್ತೇ.

ಕಮ್ವಾಲಾ ದಡದಲ್ಲಿ ಒಮೆನಾ ಮೀನು ಒಣಗಿಸುವ ಹೆಂಗಸರು ನಾವು ನಲವತ್ತಮೂರು ಜನ. ಬೆಳಗಾಗುತ್ತಲೇ ದೋಣಿಗಳು ಸರೋವರದಿಂದ ಬರುತ್ತವೆ. ಬೆರಳುದ್ದದ ಮೀನನ್ನು ಹಳೆ ಬಲೆಗಳ ಮೇಲೆ ಹರಡಿ, ಕೊಕ್ಕರೆ ಕಾಗೆಗಳ ಜೊತೆ ಜಗಳವಾಡುತ್ತ ಸಂಜೆಯವರೆಗೆ ಒಣಗಿಸುತ್ತೇವೆ. ಒಣಗಿದ್ದು ತಗಡಿನ ಉಗ್ರಾಣಕ್ಕೆ ಹೋಗುತ್ತದೆ. ಉಗ್ರಾಣದ ಬಾಗಿಲಿಗೆ ಮೂರು ಬೀಗ. ಒಂದರ ಕೀಲಿ ನಮ್ಮ ಅಧ್ಯಕ್ಷೆ ಕೊನ್ಸೊಲಾಟಾಳ ಹತ್ತಿರ, ಒಂದು ಮಿಕಾಲ್ ಅಜ್ಜಿಯ ಹತ್ತಿರ, ಇನ್ನೊಂದು ಕಾರ್ಯದರ್ಶಿಯಾದ ನನ್ನ ಹತ್ತಿರ. ಮೂವರೂ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಒಬ್ಬಳು ಯಾರದೋ ಮಣ್ಣಿಗೆ ಹೋದಳೆಂದರೆ ಅವತ್ತು ವ್ಯಾಪಾರಿಗಳು ಬಿಸಿಲಲ್ಲಿ ಕೂತು ನಮ್ಮನ್ನು ಬೈಯುತ್ತಾರೆ, ಬೈಯಲಿ. ಹಿಂದೆ ಒಂದೇ ಬೀಗ ಇದ್ದ ಕಾಲದಲ್ಲಿ ಆಗಿನ ಅಧ್ಯಕ್ಷೆ ಇಡೀ ಉಗ್ರಾಣ ಗುಡಿಸಿಕೊಂಡು ಮೊಂಬಾಸಾಕ್ಕೆ ಓಡಿಹೋಗಿದ್ದಳು. ಆಮೇಲಿಂದ ನಾವು ಮೂರಕ್ಕಿಂತ ಕಡಿಮೆ ಬೀಗ ನಂಬಿದವರಲ್ಲ.

ನನ್ನ ಗಂಡ ಎಲಿಯಾಕಿಮ್ ಫೆಬ್ರವರಿಯಲ್ಲಿ ಹೋದ. ದೋಣಿಯಿಂದ ಇಳಿದವನು ಮರಳ ಮೇಲೆ ಕೂತ, ಮತ್ತೆ ಏಳಲಿಲ್ಲ. ಅವನನ್ನು ಮಣ್ಣು ಮಾಡಿದ ಶನಿವಾರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೇಟಿನ ಹತ್ತಿರ ಮೇಜು ಹಾಕಿ, ದಪ್ಪ ರಟ್ಟಿನ ಪುಸ್ತಕ ಇಟ್ಟಿದ್ದೆವು. ಬಂದವರೆಲ್ಲ ಹೆಸರು, ಊರು, ಸಹಿ, ಕೊನೆಯ ಅಂಕಣದಲ್ಲಿ ಸತ್ತವನಿಗೆ ಒಂದು ಮಾತು, ಇಷ್ಟು ಬರೆದೇ ಒಳಗೆ ಬರಬೇಕು. ಪುಸ್ತಕ ತುಂಬಿದಷ್ಟೂ ಮನೆಯ ಮರ್ಯಾದೆ. ವಾರ್ಡಿನ ಸದಸ್ಯ ಒಬಿಯೆರೊ ಕೂಡ ಬಂದು, ಮೈಕು ಹಿಡಿದು, ಮುಕ್ಕಾಲು ಗಂಟೆ ಮಾತಾಡಿದ. ಅದರಲ್ಲಿ ಎಲಿಯಾಕಿಮನ ಹೆಸರು ಎರಡು ಸಲ ಬಂತು, ಅವನದೇ ಹೆಸರು ಲೆಕ್ಕವಿಲ್ಲದಷ್ಟು ಸಲ. ಆ ಪುಸ್ತಕವನ್ನು ನಾನು ಟ್ರಂಕಿನಲ್ಲಿ ಇಟ್ಟೆ. ಬಿಚ್ಚಿ ಓದುವ ಧೈರ್ಯ ಬರಲಿಲ್ಲ.

ಜೂನ್ ತಿಂಗಳಲ್ಲಿ ಉಗ್ರಾಣದ ಬಾಗಿಲಿಗೆ ಯಾರೋ ನೋಟಿಸು ಅಂಟಿಸಿ ಹೋದರು. ಕೌಂಟಿಯ ಸಭೆ, ಅಂದರೆ ಒಬಿಯೆರೊ ಸದಸ್ಯನಾಗಿರುವ ನಮ್ಮ ಜಿಲ್ಲೆಯ ಸಭೆ, ಹೊಸ ಕಾನೂನು ಮಾಡಿದೆಯಂತೆ. ದಡದಲ್ಲಿ ಪ್ರವಾಸಿಗಳಿಗೆ ಹೋಟೆಲು ಬರುತ್ತದೆಯಂತೆ. ಮೀನು ಒಣಗಿಸುವವರು ಮೂವತ್ತು ದಿನದೊಳಗೆ ಮೂರು ಮೈಲಿ ಒಳಗಿನ ಗುಡ್ಡಕ್ಕೆ ಹೋಗಬೇಕಂತೆ. ಹಸಿ ಒಮೆನಾವನ್ನು ತಲೆಯ ಮೇಲೆ ಹೊತ್ತು ಗುಡ್ಡ ಹತ್ತುವಷ್ಟರಲ್ಲಿ ಅದು ನಾಯಿ ಕೂಡ ಮೂಸದ ಹಾಗೆ ಆಗಿರುತ್ತದೆ. ನನಗೆ ಆ ಮರಳು ಬಿಟ್ಟರೆ ಬೇರೆ ಏನಿತ್ತು? ಗಂಡ ಕೊನೆಯ ಸಲ ಕೂತದ್ದೂ ಅಲ್ಲೇ.

ವಕೀಲೆ ಚೆಲಗಟ್ ಬಂದದ್ದು ಆಗ. ಎತ್ತರದ ಚಹಾ ಸೀಮೆಯ ಹುಡುಗಿ, ಬಡವರ ಕೇಸು ನಡೆಸುವ ಒಂದು ಸಂಘದವಳು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳದೆ ನಮ್ಮ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು ನೋಡಿ, ಅಲ್ಲಿಗೆ ನಾವು ಒಪ್ಪಿಬಿಟ್ಟೆವು.

ಕೊನ್ಸೊಲಾಟಾ ಮಾತ್ರ ಮುಖ ಸಿಂಡರಿಸಿದಳು. "ಕೌಂಟಿಯ ಗವರ್ನರ್ ಸಹಿ ಹಾಕಿ ಆಗಿದೆ ಕಣಮ್ಮ. ಇನ್ನು ಯಾರಿಗೆ ಹೇಳಿದ್ರೆ ಏನು?"

"ನೈರೋಬಿಗೇ ಹೋಗೋಣ. ರಾಷ್ಟ್ರಪತಿಗಳ ಕಾಲು ಹಿಡ್ಕೊಳ್ಳೋಣ" ಅಂದಳು ಮಿಕಾಲ್ ಅಜ್ಜಿ.

"ರಾಷ್ಟ್ರಪತಿಗಳ ಕೈಲಿ ಈ ಕೀಲಿ ಇಲ್ಲ ಅಜ್ಜಿ" ಅಂದಳು ಚೆಲಗಟ್. "ಸೈನ್ಯ, ಗಡಿ, ನೋಟು ಅಚ್ಚು ಹಾಕೋದು, ಅವು ನೈರೋಬಿದು. ಸಂತೆ, ಊರಿನ ಆಸ್ಪತ್ರೆ, ನಿಮ್ಮ ಮೀನಿನ ದಡ, ಇವು ಕೌಂಟಿದು. ಸಂವಿಧಾನ ಹಾಗೆ ಪಾಲು ಹಾಕಿ ಕೊಟ್ಟಿದೆ. ಇವರ ಅಡುಗೆಮನೆಗೆ ಅವರು ಬರೋ ಹಾಗಿಲ್ಲ."

"ಅಂದ್ರೆ ಕೌಂಟಿಯವರು ಆಡಿದ್ದೇ ಆಟ" ಅಂದೆ ನಾನು.

ಅವಳು ಉಗ್ರಾಣದ ಕಡೆ ಕೈ ತೋರಿಸಿದಳು. "ಆ ಬಾಗಿಲಿಗೆ ಯಾಕಮ್ಮ ಮೂರು ಬೀಗ?"

"ಒಂದಿದ್ದಾಗ ಒಬ್ಬ ಕಳ್ಳಿ ಎಲ್ಲಾ ಬಳ್ಕೊಂಡು ಹೋದ್ಲು, ಅದಕ್ಕೆ" ಅಂದಳು ಮಿಕಾಲ್.

"ಸಂವಿಧಾನ ಬರೆದವರಿಗೂ ಅಂಥದೇ ಅನುಭವ ಆಗಿತ್ತು ಅಜ್ಜಿ. ಅದಕ್ಕೇ ಅವರೂ ಮೂರು ಹಾಕಿದ್ರು. ಕಾನೂನು ಮಾಡೋ ಕೀಲಿ ಸಭೆಗೆ, ನಡೆಸೋ ಕೀಲಿ ಗವರ್ನರಿಗೆ, ಮಾಡಿದ್ದು ಸರಿಯೋ ತಪ್ಪೋ ನೋಡೋ ಕೀಲಿ ಕೋರ್ಟಿಗೆ. ಗವರ್ನರ್ ಸಹಿ ಹಾಕಿದ ಮಾತ್ರಕ್ಕೆ ಮೂರನೇ ಬೀಗ ತೆಗೆಯಲ್ಲ." ಆಮೇಲೆ ಅವಳು ಸ್ವಲ್ಪ ಮುಂದೆ ಬಾಗಿದಳು. "ಕಾನೂನು ಯಾರ ಮೇಲೆ ಬೀಳುತ್ತೋ ಅವರನ್ನ ಮೊದಲು ಕೇಳ್ಬೇಕು. ಅದೂ ಅದರಲ್ಲೇ ಬರೆದಿದೆ. ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

ನಲವತ್ತಮೂರು ತಲೆ ಅಡ್ಡಡ್ಡ ಆಡಿದವು. "ಹಾಗಾದ್ರೆ ಕೋರ್ಟಿಗೆ ಹೋಗೋಣ" ಅಂದಳು. ಕೇಸು ಹಾಕಿದ ವಾರದಲ್ಲೇ, ತೀರ್ಪು ಬರುವವರೆಗೆ ಯಾರನ್ನೂ ಎಬ್ಬಿಸಬಾರದು ಅಂತ ಜಡ್ಜಮ್ಮ ಆಜ್ಞೆ ಮಾಡಿದರು. ಆಮೇಲೆ ಕೆಲವು ದಿನ ನಾವು ಹಬ್ಬದ ಹಾಗೆ ಇದ್ದೆವು.

ಆಗಸ್ಟಿನಲ್ಲಿ ಕೌಂಟಿಯ ಉತ್ತರ ಬಂತು. ನಮ್ಮನ್ನು ಕೇಳಿದ್ದಾರಂತೆ. ಮೇ ಹದಿನಾಲ್ಕರಂದು ವಾರ್ಡಿನ ಸಭಾಭವನದಲ್ಲಿ ಸಭೆ ನಡೆಯಿತಂತೆ, ಇನ್ನೂರ ಹನ್ನೆರಡು ಜನ ಬಂದು ಒಪ್ಪಿ ಸಹಿ ಹಾಕಿದರಂತೆ. ಚೆಲಗಟ್ ಆ ಪಟ್ಟಿಯಲ್ಲಿ ನಮ್ಮ ಹೆಸರಿದ್ದ ಒಂದು ಹಾಳೆಯ ಪ್ರತಿ ತಂದಿದ್ದಳು. ಕೊನ್ಸೊಲಾಟಾಳ ಸಹಿ ಕೊನ್ಸೊಲಾಟಾಳದೇ. ಮಿಕಾಲ್ ಅಜ್ಜಿಯ ಹೆಬ್ಬೆಟ್ಟೂ ಅವಳದೇ, ಮಧ್ಯೆ ಗಾಯದ ಗೆರೆ ಇರುವಂಥದು. ಆ ಸಭೆ ನಡೆದೇ ಇರಲಿಲ್ಲ, ಆದರೆ ಸಹಿಗಳು ಅಪ್ಪಟ ನಮ್ಮವು.

ಚೆಲಗಟ್ ಹೋದ ಮೇಲೆ ಕೊನ್ಸೊಲಾಟಾ ಎದ್ದು ನಿಂತಳು. "ನಮ್ಮೆಲ್ಲರ ಸಹಿ ಒಂದೇ ಕಡೆ ಇರೋದು ಎಲ್ಲಿ? ಸಂಘದ ಪುಸ್ತಕದಲ್ಲಿ. ಆ ಪುಸ್ತಕ ಇರೋದು ಯಾರ ಮನೇಲಿ?"

ಎಲ್ಲರೂ ನನ್ನ ಕಡೆ ತಿರುಗಿದರು. ಎಲ್ಲಿಂದ ಹೋದವು ಆ ಸಹಿಗಳು ಅನ್ನುವುದು ನನಗೂ ಗೊತ್ತಿರಲಿಲ್ಲವಲ್ಲ.

"ಗಂಡ ಸತ್ತ ಮೇಲೆ ಒಬಿಯೆರೊ ಕಡೆಯವರು ಇವಳ ಮನೆಗೆ ಓಡಾಡ್ತಿದ್ರು. ನಾನು ಕಣ್ಣಾರೆ ಕಂಡಿದ್ದೀನಿ" ಅಂದಳು ಕೊನ್ಸೊಲಾಟಾ. "ಇವಳ ಕೈಲಿ ಕೀಲಿ ಇರೋದು ಬೇಡ ಅನ್ನೋರು ಕೈ ಎತ್ತಿ."

ಕೈಗಳು ಎದ್ದವು. ಮಿಕಾಲ್ ಅಜ್ಜಿ ಒಬ್ಬಳು ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. ಕೊನ್ಸೊಲಾಟಾ ಹತ್ತಿರ ಬಂದು ನನ್ನ ಕೊರಳಿನ ದಾರ ತೆಗೆದು, ಕೀಲಿಯನ್ನು ತನ್ನ ಕೊರಳಿಗೆ ಹಾಕಿಕೊಂಡಳು. ಇಪ್ಪತ್ತಾರು ವರ್ಷ ನನ್ನ ಪಕ್ಕದಲ್ಲೇ ಮೀನು ಹರಡಿದವಳು ಅವಳು. ನನ್ನ ಎರಡನೇ ಹೆರಿಗೆ ಮಾಡಿಸಿದವಳು. ಅವತ್ತಿನಿಂದ ನನ್ನ ಬಲೆಯ ಸುತ್ತ ಯಾರೂ ಬಲೆ ಹಾಸಲಿಲ್ಲ. ನಾನು ಬಂದರೆ ಮಾತು ನಿಲ್ಲುತ್ತಿತ್ತು. ಕೊಕ್ಕರೆಗಳು ಮಾತ್ರ ನನ್ನ ಹತ್ತಿರ ಬರುತ್ತಿದ್ದವು, ಅವೂ ಕದಿಯುವುದಕ್ಕೆ.

ಅಕ್ಟೋಬರಿನಲ್ಲಿ ವಿಚಾರಣೆ. ಎರಡು ಮಟಾಟು ವ್ಯಾನಿನಲ್ಲಿ ಹೊರಟೆವು. ನಾನು ಕೂತ ಸೀಟಿನಲ್ಲಿ ಮಿಕಾಲ್ ಅಜ್ಜಿ ಬಿಟ್ಟು ಬೇರೆ ಯಾರೂ ಕೂರಲಿಲ್ಲ. "ನೀನು ಮಾಡಿಲ್ಲ ಅಂತ ನಂಗೊತ್ತು. ಆದ್ರೆ ಯಾರು ಮಾಡಿದ್ದು ಅಂತ ನೀನೇ ಕಂಡುಹಿಡೀಬೇಕು" ಅಂದಳು ಅಜ್ಜಿ. ಕಂಡುಹಿಡಿಯಬೇಕಂತೆ. ನಾನೇನು ಪೊಲೀಸೇ?

ಕೋರ್ಟಿನಲ್ಲಿ ಕೌಂಟಿಯ ವಕೀಲ ಎದ್ದ. ಬೂಟು ಎಷ್ಟು ಹೊಳೆಯುತ್ತಿತ್ತೆಂದರೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅದು ನಿಜವಾದ ಸಭೆಯೇ ಅಂತ ಜಡ್ಜಮ್ಮ ಕೇಳಿದ್ದಕ್ಕೆ ಅವನಿಗೆ ಮೈಯೆಲ್ಲ ಹುರುಪು ಬಂತು. "ಹೆಸರು ಓದಿಬಿಡ್ತೀನಿ, ಅಮ್ಮಾವ್ರೇ" ಅಂದ.

"ಒಂದು, ಮೆಶಾಕ್ ಒಗೆಂಬೊ. ಎರಡು, ಹೆಜ್ರಾನ್ ಒಗೆಂಬೊ. ಮೂರು, ಜೆಕೊನಿಯಾ ಒಗೆಂಬೊ. ನಾಲ್ಕು, ಸೊಸ್ಪೀಟರ್ ಒಗೆಂಬೊ."

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ. ಮೆಶಾಕ್, ಹೆಜ್ರಾನ್, ಜೆಕೊನಿಯಾ, ಸೊಸ್ಪೀಟರ್. ನನ್ನ ನಾಲ್ವರು ಅಣ್ಣಂದಿರು. ದೊಡ್ಡವನಿಂದ ಚಿಕ್ಕವನವರೆಗೆ, ಅದೇ ಸಾಲು. ಹೆಣ್ಣು ಕೊಟ್ಟ ಮನೆಯವರು ಸಾವಿನ ಅಂಗಳಕ್ಕೆ ಬಂದರೆ ಅವರದೇ ಮೊದಲ ಸಹಿ, ಅದೂ ವಯಸ್ಸಿನ ಪ್ರಕಾರ. ಹಾಗೆ ಮಾಡದಿದ್ದರೆ ಹತ್ತು ವರ್ಷ ಮುನಿಸಿಕೊಳ್ಳುತ್ತಾರೆ ನಮ್ಮಲ್ಲಿ.

"ಕೂತ್ಕೋಮ್ಮ" ಅಂದ ಜವಾನ.

"ಕೂರಲ್ಲ" ಅಂದೆ. "ಅಮ್ಮಾವ್ರೇ, ಆ ನಾಲ್ಕು ಜನ ಇರೋದು ಗಡಿಯಾಚೆ, ತಾಂಜಾನಿಯಾದಲ್ಲಿ. ನನ್ನ ಅಣ್ಣಂದಿರು. ಲಾರೀಲಿ ಹೋರಿ ಹಾಕ್ಕೊಂಡು ನನ್ನ ಗಂಡನ ಮಣ್ಣಿಗೆ ಬಂದಿದ್ರು. ಸಭೆಗಲ್ಲ. ಮುಂದಿನ ಹೆಸರು ಪಾದ್ರಿಗಳದ್ದು, ಓದಿ ನೋಡಿ. ಆಮೇಲೆ ಇಗರ್ಜಿಯ ಹಾಡಿನ ಗುಂಪು."

ಬೂಟಿನವನು ಹಾಳೆ ನೋಡಿದ. ಓದಲಿಲ್ಲ. ಜಡ್ಜಮ್ಮ ಕೈ ಚಾಚಿ ಹಾಳೆ ಇಸಿದುಕೊಂಡು ತಾವೇ ಓದಿದರು. ಐದು, ಪಾದ್ರಿಗಳು. ಆರರಿಂದ ಹಾಡಿನ ಗುಂಪು.

ಆಗ ನೆನಪಾಯಿತು, ಕಪಾಳಕ್ಕೆ ಹೊಡೆದ ಹಾಗೆ. ಮಾರ್ಚಿನಲ್ಲಿ ವಾರ್ಡ್ ಕಚೇರಿಯ ಗುಮಾಸ್ತ ಟೊಬಿಯಾಸ್ ಮನೆಗೆ ಬಂದಿದ್ದ. ಮಣ್ಣಿಗೆ ಬಂದವರಿಗೆಲ್ಲ ಸದಸ್ಯರು ತಮ್ಮ ಹೆಸರಲ್ಲಿ ಧನ್ಯವಾದದ ಪತ್ರ ಬರೆಯುತ್ತಾರಂತೆ, ಅದಕ್ಕೆ ಪುಸ್ತಕ ಬೇಕಂತೆ. ನನಗೆ ಹೆಮ್ಮೆ ಬೇರೆ. ಚಹಾ ಮಾಡಿ ಕುಡಿಸಿ, ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದೆ. ವಾರಕ್ಕೆ ವಾಪಸ್ಸು ಬಂತು, ಹಾಗೇ ಟ್ರಂಕಿಗೆ ಹಾಕಿದೆ. ಆ ಸಹಿಗಳನ್ನು ಕೊಟ್ಟವಳು ನಾನೇ. ಕೊನ್ಸೊಲಾಟಾ ಅಂದದ್ದರಲ್ಲಿ ಅರ್ಧ ನಿಜ ಇತ್ತು. ಅದನ್ನೂ ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳಿದೆ, ನಾಚಿಕೆಯಿಂದ ಕಿವಿ ಸುಡುತ್ತಿತ್ತು.

ಜಡ್ಜಮ್ಮ ನನ್ನ ಪುಸ್ತಕವನ್ನೂ ಕೌಂಟಿಯ ಅಸಲು ಹಾಳೆಗಳನ್ನೂ ಮರುದಿನ ಬೆಳಿಗ್ಗೆಯೇ ಮುಂದಿಡಬೇಕು ಅಂದರು. "ಕಳೆದುಹೋಗಿದೆ ಅನ್ನೋ ಮಾತು ನಾನು ಕೇಳಿಸಿಕೊಳ್ಳಲ್ಲ" ಅಂತ ಬೂಟಿನವನಿಗೆ ನಿಧಾನವಾಗಿ ತಿಳಿಸಿದರು.

ಊರಿಗೆ ಬಂದು ಟ್ರಂಕು ತೆಗೆದೆ. ಮೊದಲ ಪುಟದಲ್ಲಿ ಎಲಿಯಾಕಿಮನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಆಮೇಲಿನ ಎಂಟು ಹಾಳೆ ಇರಲಿಲ್ಲ. ಹೊಲಿಗೆಯ ಹತ್ತಿರ ಹರಿದ ಅಂಚುಗಳು ಮಾತ್ರ ಉಳಿದಿದ್ದವು. ಅವನನ್ನೇ ಯಾರೋ ಹರಿದು ತೆಗೆದುಕೊಂಡು ಹೋದ ಹಾಗೆ ಅನ್ನಿಸಿ, ಅಲ್ಲೇ ನೆಲಕ್ಕೆ ಕೂತು ಅತ್ತುಬಿಟ್ಟೆ. ಎಂಟು ತಿಂಗಳ ಅಳು ಒಟ್ಟಿಗೆ ಬಂತು.

ಮರುದಿನ ಟೊಬಿಯಾಸ್ ಹಾಳೆಗಳನ್ನು ತಂದ. ಜಡ್ಜಮ್ಮ ಒಂದೊಂದೇ ಹಾಳೆ ಎತ್ತಿ ಪುಸ್ತಕದ ಹರಿದ ಅಂಚಿಗೆ ಹಿಡಿದು ನೋಡಿದರು. ಎಂಟೂ ಕೂತವು. ಕೌಂಟಿಯವರು ನಕಲು ತೆಗೆಯುವಾಗ ಕೊನೆಯ ಅಂಕಣದ ಮೇಲೆ ಕಾಗದದ ಪಟ್ಟಿ ಇಟ್ಟು ಮುಚ್ಚಿದ್ದರು. ಅಸಲಿನಲ್ಲಿ ಅದು ಬಯಲಾಗಿತ್ತು. ನಮ್ಮ ಭಾಷೆ ಬಲ್ಲ ಕೋರ್ಟಿನ ಗುಮಾಸ್ತೆಗೆ ಅದನ್ನು ಓದಲು ಹೇಳಿದರು.

ಅವಳು ಓದಿದಳು. "ಒಂದು, ಮೆಶಾಕ್. ‘ಭಾವ, ನೀನು ರಿಪೇರಿ ಮಾಡಿಕೊಟ್ಟ ದೋಣಿ ಇನ್ನೂ ತೇಲುತ್ತಿದೆ.’ ಒಂಬತ್ತು. ‘ಹಾಡುವಾಗ ಇನ್ನು ನಮ್ಮ ಸಾಲಿನ ದಪ್ಪ ದನಿ ಯಾರದು?’"

ಜಡ್ಜಮ್ಮ ಕನ್ನಡಕ ಕೆಳಗಿಳಿಸಿದರು. "ವಕೀಲರೇ, ಇದು ಮಸೂದೆಯ ಯಾವ ಕಲಮಿನ ಬಗ್ಗೆ ಜನರ ಅಭಿಪ್ರಾಯ?"

ಬೂಟಿನವನು ಬೂಟು ನೋಡಿಕೊಂಡ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಗುಮಾಸ್ತೆ ಮುಂದುವರಿಸಿದಳು. "ಮೂವತ್ತು, ಸದಸ್ಯ ಒಬಿಯೆರೊ. ‘ಈ ಮನೆಯ ಕಣ್ಣೀರು ಒರೆಸುವುದು ನನ್ನ ಹೊಣೆ.’" ಈಗ ಕೋರ್ಟಿಗೆ ಕೋರ್ಟೇ ನಕ್ಕಿತು. ನನಗೂ ನಗು ಬಂತು, ಅಳುವಿನ ಜೊತೆಗೇ.

"ಅರವತ್ತನಾಲ್ಕು, ಕೊನ್ಸೊಲಾಟಾ ಅವಿನೊ." ಗುಮಾಸ್ತೆ ಅಕ್ಷರ ಹುಡುಕಿದಳು. "‘ಎಲಿಯಾಕಿಮ್, ನೆರೆಯಾಳ ಚಿಂತೆ ಬಿಡು. ಅವಳಿಗೆ ನಾನಿದ್ದೀನಿ.’"

ನೆರೆಯಾ ಅಂದರೆ ನಾನೇ. ನಾನು ಹಿಂತಿರುಗಿ ನೋಡಲಿಲ್ಲ. ನೋಡಬಾರದು ಅಂತಲೇ ನೋಡಲಿಲ್ಲ. ಬೆನ್ನ ಹಿಂದೆ ಬೆಂಚು ಒಮ್ಮೆ ಕಿರ್ ಎಂದಿತು, ಅಷ್ಟೇ.

ಮೂರು ವಾರದ ಮೇಲೆ ತೀರ್ಪು. ಅದನ್ನು ನಾನು ಬಾಯಿಪಾಠ ಮಾಡಿದ್ದೇನೆ. "ಈ ದಡದಲ್ಲಿ ಹೋಟೆಲು ಇರಬೇಕೋ ಮೀನು ಇರಬೇಕೋ ಅಂತ ನಾನು ಹೇಳಲ್ಲ. ಅದು ನನ್ನ ಕೆಲಸ ಅಲ್ಲ, ಜನ ಆರಿಸಿದ ಸಭೆಯ ಕೆಲಸ. ಜನರನ್ನ ಕೇಳಿದ್ರಾ ಅಂತ ನೋಡೋದು ನನ್ನ ಕೆಲಸ. ಕೇಳಿಲ್ಲ. ಈ ಕಾನೂನು ಇವತ್ತಿಂದ ಇಲ್ಲ. ಮತ್ತೆ ಮಾಡೋ ಮನಸ್ಸಿದ್ರೆ ಸಭೆಯವರು ಆ ದಡಕ್ಕೇ ಹೋಗಿ, ಆ ಹೆಂಗಸರ ಮುಂದೆ ಕೂತು ಕೇಳಲಿ." ಮತ್ತೆ ಬರುತ್ತಾರಾ ಅಂತ ಚೆಲಗಟ್‌ಳನ್ನು ಕೇಳಿದೆ. "ಬರಬಹುದಮ್ಮ. ಬಂದ್ರೆ ಬೇಡ ಅನ್ನಿ" ಅಂದಳು. ಬರಲಿ. ನಮ್ಮ ನಲವತ್ತಮೂರು ಬಾಯಿಯ ಮುಂದೆ ಒಬಿಯೆರೊ ಕೂತುಕೊಳ್ಳಲಿ, ಆ ಚಂದ ನಾನೂ ನೋಡಬೇಕು. ಎಲಿಯಾಕಿಮನ ಎಂಟು ಹಾಳೆಗಳು ಈಗ ಕೋರ್ಟಿನ ಕಡತದಲ್ಲಿವೆ. ಬದುಕಿರುವಾಗ ಪೊಲೀಸರನ್ನು ಕಂಡರೆ ದಾರಿ ಬದಲಿಸುತ್ತಿದ್ದ ಮನುಷ್ಯ. ಅಂಕಣ ಮುಚ್ಚದ ನಕಲನ್ನು ಚೆಲಗಟ್ ನನಗೆ ಕೊಟ್ಟಿದ್ದಾಳೆ.

ತೀರ್ಪಿನ ದಿನ ಹಾಗೆ ನಾನು ಮೆಟ್ಟಿಲ ಮೇಲೆ ಬರಿಗಾಲಲ್ಲಿ ಕೂತಿದ್ದಾಗ ಕೊನ್ಸೊಲಾಟಾ ಬಂದಳು. ಪಕ್ಕದಲ್ಲಿ ಕೂತಳು. ಕೊರಳಿನ ದಾರದಿಂದ ನನ್ನ ಕೀಲಿ ಬಿಚ್ಚಿ ನನ್ನ ಮುಂದೆ ಹಿಡಿದಳು.

"ತಗೊಳ್ಳಲ್ಲ" ಅಂದೆ.

"ಇನ್ನೂ ಸಿಟ್ಟಾ?"

"ಸಿಟ್ಟಿದೆ. ಅದು ಬೇರೆ ಮಾತು. ಕೀಲಿ ತೆಗೆದಿದ್ದು ನೀನೊಬ್ಬಳೇ ಅಲ್ಲ, ಎಲ್ಲಾರೂ ಕೈ ಎತ್ತಿ ತೆಗೆದಿರಿ. ಕೊಡೋದಾದ್ರೂ ಕೈ ಎತ್ತಿಯೇ ಕೊಡಿ. ಒಬ್ಬಳ ಕೊರಳಲ್ಲಿ ಎರಡು ಕೀಲಿ ನೇತಾಡಿದ್ದೇ ತಪ್ಪು."

"ಅಬ್ಬಾ, ಜಡ್ಜಮ್ಮನ ಗಾಳಿ ಬೀಸಿದೆ ನಿಂಗೆ" ಅಂದಳು. ಆದರೂ ಕೀಲಿ ವಾಪಸ್ಸು ಕೊರಳಿಗೆ ಹಾಕಿಕೊಳ್ಳದೆ, ಊರು ತಲುಪುವವರೆಗೆ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಉಗ್ರಾಣದ ಮುಂದೆ ಎಲ್ಲರೂ ಸೇರಿದೆವು. ಕೊನ್ಸೊಲಾಟಾ "ಕೈ ಎತ್ತಿ" ಅನ್ನುವಷ್ಟರಲ್ಲೇ ಅರ್ಧ ಕೈಗಳು ಮೇಲಿದ್ದವು. "ಇರಿ" ಅಂದೆ ನಾನು. ಮೂರು ತಿಂಗಳಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತು, ಹೇಳದೆ ಬಿಡುವ ಹೆಂಗಸಲ್ಲ ನಾನು. "ನಮ್ಮನ್ನ ಕೇಳದೆ ತೀರ್ಮಾನ ಮಾಡಿದ್ರು ಅಂತ ಕೋರ್ಟಿನ ಮೆಟ್ಟಿಲು ಹತ್ತಿದ್ವಿ. ಅವತ್ತು ಇಲ್ಲಿ, ಇದೇ ಮರಳ ಮೇಲೆ, ನನ್ನ ಕೀಲಿ ತೆಗೆಯೋ ಮುಂಚೆ ನನ್ನನ್ನ ಯಾರಾದ್ರೂ ಕೇಳಿದ್ರಾ?"

ಎತ್ತಿದ್ದ ಕೈಗಳು ನಿಧಾನವಾಗಿ ಇಳಿದವು. ಮಿಕಾಲ್ ಅಜ್ಜಿ ಕೂಡ ತಲೆ ತಗ್ಗಿಸಿದಳು, ಕೈ ಎತ್ತದಿದ್ದರೂ ಅವತ್ತು ಅವಳೂ ಬಾಯಿ ಬಿಟ್ಟಿರಲಿಲ್ಲ.

ಕೊನ್ಸೊಲಾಟಾ ನನ್ನ ಎದುರಿಗೆ ಬಂದು ನಿಂತಳು. ಕಣ್ಣು ಕೆಂಪಾಗಿತ್ತು. "ಇಲ್ಲ. ಕೇಳ್ಲಿಲ್ಲ" ಅಂದಳು. "ಎಲಿಯಾಕಿಮನಿಗೆ ಬರೆದು ಕೊಟ್ಟೂ ನಾನು ಕೇಳ್ಲಿಲ್ಲ. ಈಗ ಕೇಳ್ತೀನಿ, ಎಲ್ಲಾರ ಮುಂದೆ. ನೆರೆಯಾ, ನೀನು ಏನ್ ಹೇಳ್ತೀಯಾ?"

ಹೇಳುವುದು ಬೇಕಾದಷ್ಟಿತ್ತು. ಒಂಟಿಯಾಗಿ ಬಲೆ ಹಾಸಿದ ಪ್ರತಿ ಬೆಳಿಗ್ಗೆ ಒಂದೊಂದು ಬೈಗುಳ ಮಸೆದು ಇಟ್ಟಿದ್ದೆ. ಅವಳು ಕೇಳಿದ ಕ್ಷಣಕ್ಕೆ ಒಂದೂ ನೆನಪಿಗೆ ಬರಲಿಲ್ಲ. ಕೇಳಿದಳಲ್ಲ, ಅಷ್ಟಕ್ಕೇ ಹೊಟ್ಟೆ ತಣ್ಣಗಾಗಿಬಿಟ್ಟಿತ್ತು.

"ಬಾಗಿಲು ತೆಗೀರಿ" ಅಂದೆ. "ಮೀನಿಗೆ ಗಾಳಿ ಬೇಕು."

ನಲವತ್ತೆರಡು ಕೈಗಳು ಎದ್ದವು, ಕೀಲಿ ನನ್ನ ಕೈಗೆ ಬಂತು. ಕೊನ್ಸೊಲಾಟಾ ಮೊದಲ ಬೀಗ ತೆಗೆದಳು, ಮಿಕಾಲ್ ಅಜ್ಜಿ ತಡಕಾಡಿ ಎರಡನೆಯದನ್ನು. ಮೂರನೆಯದು ಮೂರು ತಿಂಗಳು ನನ್ನ ಕೈ ಕಾಣದೆ ಬಿಗಿಯಾಗಿತ್ತು, ಎರಡು ಸಲ ಅಲ್ಲಾಡಿಸಬೇಕಾಯಿತು. ಆಮೇಲೆ ಕೊನ್ಸೊಲಾಟಾ ತನ್ನ ಬಲೆ ತಂದು ನನ್ನ ಬಲೆಯ ಪಕ್ಕದಲ್ಲಿ ಹಾಸಿದಳು.